ಕೊತ್ತಲ ಯಾರ ಹೆಸರಲ್ಲುಂಟು? ಕಾಸರಗೋಡಿನ ಒಂದು ಪ್ರಕರಣ

ಊರಿನ ಹೆಸರು ಹೇಳುದಿಲ್ಲ, ಜನರ ಹೆಸರೂ ಬೇಡ. ಚಂದ್ರಗಿರಿ ಹೊಳೆಯಿಂದ ಬಡಗು ದಿಕ್ಕಿಗೆ ಒಂದು ಊರು ಅಂತ ಇಟ್ಕೊಳ್ಳಿ. ಗುರುತು ಸಿಕ್ಕಬಾರ್ದು ಅಂತ ಒಂದೆರಡು ವಿವರ ಬದಲಿಸಿದ್ದೇನೆ, ಆದ್ರೆ ಯಾವ ತೀರ್ಮಾನ ಯಾವಾಗ ಯಾಕೆ ಆಯ್ತು ಅನ್ನುದು ಇದ್ದ ಹಾಗೇ ಉಂಟು. ನಮ್ಮ ಕಡೆ ಹಳೇ ಗೋಡೆ, ಕೆರೆ, ಶಾಸನಕಲ್ಲು ಇಲ್ಲದ ಊರು ಕಮ್ಮಿ, ಅದನ್ನು ಉಳಿಸ್ಬೇಕು ಅಂತ ಹೊರಡುವ ಹುಡುಗ್ರೂ ಇದ್ದಾರೆ, ನಾವು ಎರಡು ವರ್ಷ ತಪ್ಪು ಬಾಗಿಲು ತಟ್ಟಿದ ಹಾಗೆ ಅವ್ರಿಗೆ ಆಗಬಾರ್ದು ಅಂತ ಬರೀತಿದ್ದೇನೆ.

ನಮ್ಮಲ್ಲಿ ಇರುದು ಒಂದು ಕೊತ್ತಲ, ಅಂದ್ರೆ ಕೋಟೆಯ ಬುರುಜು. ಗುಡ್ಡೆಯ ತಲೆಯಲ್ಲಿ ಮುರಕಲ್ಲಿನ ದುಂಡು ಕಟ್ಟೋಣ, ಎರಡಾಳೆತ್ತರ ಇದ್ದದ್ದು ಈಗ ಒಂದೂವರೆ ಆಳು ಉಂಟು, ಬದಿಯಲ್ಲಿ ಒಂದು ಬಾವಿ, ಬಾವಿಕಟ್ಟೆಯ ಹತ್ರ ಮಣ್ಣಲ್ಲಿ ಅರ್ಧ ಹೂತುಹೋದ ಶಾಸನಕಲ್ಲು. ಇಕ್ಕೇರಿ ನಾಯಕರ ಕಾಲದ್ದು ಅಂತ ಹಿರಿಯರು ಹೇಳ್ತಿದ್ರು. ನಾವು ಸಣ್ಣವ್ರಿರುವಾಗ ದನ ಮೇಯಿಸ್ಲಿಕ್ಕೆ ಹೋಗಿ ಅದರ ಮೇಲೆ ಕೂತು ಕಡಲು ನೋಡ್ತಿದ್ದದ್ದು. ಒಂದು ಮಳೆಗಾಲ, ಆಟಿಯ ನಡುವಲ್ಲಿ, ಪಡು ಬದಿಯ ಗೋಡೆ ಒಂದು ರಾತ್ರಿಯಲ್ಲಿ ಕುಸಿದು ಕೆಳಗಿನ ಅಡಿಕೆ ತೋಟಕ್ಕೆ ಬಂತು. ಮರುದಿನ ಊರಿನ ಲೈಬ್ರರಿಯಲ್ಲಿ ಒಂಬತ್ತು ಜನ ಸೇರಿದೆವು. ನಿವೃತ್ತ ಕನ್ನಡ ಮಾಷ್ಟ್ರು ಒಬ್ರು, ಗಲ್ಫಿಂದ ವಾಪಸ್ ಬಂದ ಒಬ್ಬ, ಇಬ್ಬರು ಕಾಲೇಜು ಮಕ್ಕಳು, ಉಳಿದವ್ರು ಕೃಷಿಯವ್ರು. ಫೈಲ್ ಇಟ್ಕೊಳ್ಳುವ ಕೆಲಸ ನನಗೆ ಬಂತು, ಹಾಗಾಗಿ ತಾರೀಕು ಪ್ರಕಾರ ಎಲ್ಲ ನನ್ನತ್ರ ಉಂಟು.

ಮೊದಲ ದಿನವೇ ಒಂದು ತಪ್ಪು ಮಾಡಿದೆವು, ಅದು ತಪ್ಪು ಅಂತ ಗೊತ್ತಾಗ್ಲಿಕ್ಕೆ ತುಂಬ ಸಮಯ ಹಿಡೀತು. ಎಲ್ರ ಬಾಯಲ್ಲೂ ಒಂದೇ ಮಾತು, "ಸರಕಾರ ದುಡ್ಡು ಕೊಡ್ಬೇಕು." ಯಾವ ಸರಕಾರ, ಯಾವ ಲೆಕ್ಕದಿಂದ, ಯಾವ ಕಾನೂನಿನ ಪ್ರಕಾರ, ಇದನ್ನು ಯಾರೂ ಕೇಳ್ಲಿಲ್ಲ. ಬೇಕಲ ಕೋಟೆಯನ್ನು ಚಂದ ಇಟ್ಟಿದ್ದಾರಲ್ಲ, ಹುಲ್ಲುಹಾಸು, ಟಿಕೆಟ್ ಕೌಂಟರ್, ಬೋರ್ಡು ಎಲ್ಲ ಉಂಟಲ್ಲ, ಅದೇ ಸರಕಾರ ನಮ್ಮದನ್ನೂ ನೋಡ್ಲಿ ಅಂತ ನಮ್ಮ ಲೆಕ್ಕ. ಬೇಕಲವೂ ಚಂದ್ರಗಿರಿಯೂ ಎರಡೂ ಶಿವಪ್ಪ ನಾಯಕನ ಕೋಟೆ ಅಂತ ಹೇಳುದು, ಎರಡೂ 17ನೇ ಶತಮಾನದ್ದು, ಒಂದೇ ಜಿಲ್ಲೆ, ನಡುವೆ ಬಸ್ಸಲ್ಲಿ ಅರ್ಧ ಗಂಟೆ. ಆದ್ರೆ ಬೇಕಲ ಇರುದು ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣದ ಕೈಯಲ್ಲಿ, ಅಂದ್ರೆ ಎ.ಎಸ್.ಐ.; ಚಂದ್ರಗಿರಿ ಕೇರಳ ರಾಜ್ಯದ ಪುರಾತತ್ವ ಇಲಾಖೆಯ ಕೈಯಲ್ಲಿ. ಎರಡಕ್ಕೂ ಬೇರೆ ಕಾನೂನು, ಬೇರೆ ಬಜೆಟ್, ಬೇರೆ ಮೇಲಧಿಕಾರಿ. ಇಷ್ಟು ವರ್ಷ ಎರಡೂ ಕೋಟೆ ನೋಡ್ತಾ ದೊಡ್ಡವ್ರಾದ ನಮಗೆ ಈ ವಿಷಯ ಗೊತ್ತಿರ್ಲಿಲ್ಲ.

ಕೇಂದ್ರಕ್ಕೆ ಒಂದು ಅರ್ಜಿ ಬರ್ದೆವು. ಐದು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು, ಈ ಜಾಗ ಕೇಂದ್ರ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇಲ್ಲ, ರಾಜ್ಯದ ಇಲಾಖೆಯನ್ನು ಕೇಳಿ ಅಂತ. ನಾವು ಅದನ್ನು "ಆಗುದಿಲ್ಲ" ಅಂತ ಓದಿದೆವು, ಸಿಟ್ಟು ಬಂತು, ಒಂದಿಬ್ರು ಸಭೆಗೆ ಬರುದೇ ಬಿಟ್ರು. ಈಗ ಆ ಕಾಗದ ತೆಗ್ದು ನೋಡಿದ್ರೆ ಅದ್ರಲ್ಲಿ ಸರಿಯಾದ ದಾರಿಯೇ ಬರ್ದಿತ್ತು, ಓದ್ಲಿಕ್ಕೆ ಬೇಕಾದ ತಿಳುವಳಿಕೆ ನಮಗೆ ಇರ್ಲಿಲ್ಲ ಅಷ್ಟೆ.

ಅದರ ನಂತರದ್ದು ಈ ಪ್ರಕರಣದ ಕೆಟ್ಟ ಭಾಗ. ಗಲ್ಫಿನ ಪರಿಚಯದವ್ರ ಕಡೆಯಿಂದ ಒಬ್ರು ದಾನಿ ಸಿಕ್ಕಿದ್ರು, ಆರು ಲಕ್ಷ ಕೊಡ್ತೇನೆ ಅಂದ್ರು, ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಒಬ್ಬ ಕಂಟ್ರಾಕ್ಟರ್ ಬಂದು ಎಸ್ಟಿಮೇಟ್ ಹಾಕಿದ, ಬಿದ್ದ ಗೋಡೆ ಸಿಮೆಂಟಲ್ಲಿ ಕಟ್ಟುದು, ಉಳಿದ ಗೋಡೆಗೆ ಸಿಮೆಂಟ್ ಪಾಯಿಂಟಿಂಗ್, ಸುತ್ತ ಇಂಟರ್‌ಲಾಕ್, ಒಂದು ಗೇಟ್, ಗೇಟಿನ ಮೇಲೆ ದಾನಿಯ ಹೆಸರು. ಸಭೆಯಲ್ಲಿ ಮಾಷ್ಟ್ರು ಬೇಡ ಅಂದ್ರು. ಮುರಕಲ್ಲು ನೀರು ಹೀರ್ತದೆ, ಬಿಡ್ತದೆ, ಉಸಿರಾಡುವ ಕಲ್ಲದು, ಸಂದಿಗೆ ಸಿಮೆಂಟ್ ತುಂಬಿದ್ರೆ ಒಳಗಿನ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲದೆ ಕಲ್ಲೇ ಪುಡಿಯಾಗ್ತದೆ ಅಂತ ಅವ್ರ ವಾದ. ಉಳಿದವ್ರಿಗೆ ಕೈಗೆ ಬಂದ ಆರು ಲಕ್ಷ ಬಿಡ್ಲಿಕ್ಕೆ ಮನಸ್ಸಿಲ್ಲ. ತೀರ್ಮಾನ ಆಗದೆ ಸಭೆ ಮುಗೀತು, ಮತ್ತೆ ತೀರ್ಮಾನ ಆಗದ್ದನ್ನೇ ಒಪ್ಪಿಗೆ ಅಂತ ತಿಳ್ಕೊಂಡು ಇಬ್ರು ಹೋಗಿ ಹನ್ನೆರಡು ಅಡಿ ಉದ್ದಕ್ಕೆ ಸಿಮೆಂಟ್ ಹಾಕ್ಸಿಬಿಟ್ರು, ಮಾದರಿಗೆ ಅಂತ. ಮುಂದಿನ ಮಳೆಗಾಲ ಮುಗಿಯುವಾಗ ಆ ಹನ್ನೆರಡು ಅಡಿ ಹೊಟ್ಟೆ ಬಂದ ಹಾಗೆ ಮುಂದಕ್ಕೆ ಉಬ್ಬಿ ನಿಂತಿತ್ತು, ಆಚೀಚೆ ಏನೂ ಮಾಡದ ಗೋಡೆ ನೇರ ಇತ್ತು. ನಾವೇ ಮಾಡಿದ ಹಾನಿ ಅದು. ಆ ಭಾಗ ಇವತ್ತಿಗೂ ಹಾಗೇ ಉಂಟು, ಸಿಮೆಂಟ್ ಕೀಳ್ಲಿಕ್ಕೆ ಹೋದ್ರೆ ಕಲ್ಲು ಸಮೇತ ಬರ್ತದೆ.

ಆಗ ಮಾಷ್ಟ್ರು ಒಂದು ಕೆಲಸ ಮಾಡಿದ್ರು. ಒಂದು ತಿಂಗಳು ಯಾರಿಗೂ ಅರ್ಜಿ ಬೇಡ, ದುಡ್ಡಿನ ಮಾತೂ ಬೇಡ, ಈ ದೇಶದಲ್ಲಿ ಹಳೇ ಕಟ್ಟಡ ನೋಡಿಕೊಳ್ಳುವ ವ್ಯವಸ್ಥೆ ಹೇಗೆ ನಡೀತದೆ ಅಂತ ಓದುವ ಅಂದ್ರು. ಪ್ರತಿ ಆದಿತ್ಯವಾರ ಲೈಬ್ರರಿಯ ಕರಿಹಲಗೆಯಲ್ಲಿ ಬರ್ದು ಬರ್ದು ಪಾಠ. ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಅಲ್ಲಿ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ.

ಮೊದಲನೇದು ಸಂವಿಧಾನ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 67ನೇ ನಮೂದು, ರಾಷ್ಟ್ರೀಯ ಮಹತ್ವದ್ದು ಅಂತ ಕಾನೂನಿನ ಮೂಲಕ ಘೋಷಣೆಯಾದ ಸ್ಮಾರಕಗಳು ಕೇಂದ್ರಕ್ಕೆ. ಉಳಿದ ಹಳೇ ಸ್ಮಾರಕಗಳು ರಾಜ್ಯ ಪಟ್ಟಿಯ 12ನೇ ನಮೂದು, ಅಂದ್ರೆ ರಾಜ್ಯಕ್ಕೆ. ಕೇಂದ್ರಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಉಂಟು, ಕೇರಳಕ್ಕೆ ತನ್ನದೇ 1968ರ ಕಾಯ್ದೆ. ಮಾಷ್ಟ್ರು ಇದನ್ನು ಬರ್ದು ಕೆಳಗೆ ಗೆರೆ ಎಳೆದು, ನಮ್ಮ ಕೊತ್ತಲ ಈಗ ಈ ಎರಡರಲ್ಲಿ ಯಾವುದ್ರಲ್ಲೂ ಇಲ್ಲ, ಇದಕ್ಕೆ ಒಂದು ರೂಪಾಯಿ ಖರ್ಚು ಮಾಡ್ಲಿಕ್ಕೂ ಈ ಎರಡು ಇಲಾಖೆಯ ಯಾವ ಅಧಿಕಾರಿಗೂ ಅಧಿಕಾರ ಇಲ್ಲ ಅಂದ್ರು. ಅಧಿಕಾರಿಗೆ ಮನಸ್ಸಿದ್ರೂ ಆಗುದಿಲ್ಲ, ಯಾಕಂದ್ರೆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಖರ್ಚು ಮಾಡಿದ್ರೆ ಆಡಿಟ್‌ನಲ್ಲಿ ಅವನೇ ಉತ್ತರ ಕೊಡ್ಬೇಕು.

ಎರಡನೇದು ಎ.ಎಸ್.ಐ. ಹೇಗೆ ನಡೀತದೆ ಅನ್ನುದು. 1861ರಲ್ಲಿ ಶುರುವಾದ ಸಂಸ್ಥೆ, ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅದರ ಮೊದಲ ಮುಖ್ಯಸ್ಥ. ಈಗ ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗಿರುವ ಇಲಾಖೆ, ಮೇಲೆ ಮಹಾನಿರ್ದೇಶಕರು, ಕೆಳಗೆ ಸರ್ಕಲ್‌ಗಳು, ಪ್ರತಿ ಸರ್ಕಲ್‌ಗೆ ಒಬ್ರು ಅಧೀಕ್ಷಕ ಪುರಾತತ್ವಜ್ಞರು. ಬೇಕಲ ಬರುದು ತ್ರಿಶೂರ್ ಸರ್ಕಲ್‌ಗೆ. ದುಡ್ಡು ಬರುದು ಸಂಸತ್ತು ಒಪ್ಪಿದ ಬಜೆಟ್‌ನಿಂದ. ನಮಗೆಲ್ಲ ಆಶ್ಚರ್ಯ ಆದ ವಿಷಯ ಅಂದ್ರೆ ಬೇಕಲದ ಟಿಕೆಟ್ಟಿನ ದುಡ್ಡು ಬೇಕಲದಲ್ಲಿ ಉಳಿಯುದಿಲ್ಲ, ಅದು ದೇಶದ ಸಂಚಿತ ನಿಧಿಗೆ ಹೋಗ್ತದೆ, ಮತ್ತೆ ಬಜೆಟ್ ಮೂಲಕವೇ ಕೆಳಗೆ ಇಳಿದು ಬರ್ಬೇಕು. ಜನ ಜಾಸ್ತಿ ಬಂದ್ರೆ ಆ ಕೋಟೆಗೆ ದುಡ್ಡು ಜಾಸ್ತಿ ಅಂತ ನಾವು ತಿಳ್ಕೊಂಡದ್ದು ತಪ್ಪು. 2023-24ರ ಬಜೆಟಲ್ಲಿ ಎ.ಎಸ್.ಐ.ಗೆ ಇಟ್ಟದ್ದು ಸುಮಾರು 1,100 ಕೋಟಿ. ಕೇಳುವಾಗ ದೊಡ್ಡದು, ಆದ್ರೆ ಆಗ ಕೇಂದ್ರ ಸಂರಕ್ಷಿತ ಸ್ಮಾರಕಗಳೇ 3,690ಕ್ಕಿಂತ ಜಾಸ್ತಿ ಇತ್ತು, ಕಾಲೇಜು ಹುಡುಗಿ ಮೊಬೈಲಲ್ಲಿ ಭಾಗಿಸಿ ನೋಡಿದಳು, ತಲಾ 30 ಲಕ್ಷದ ಹತ್ರ, ಅದ್ರಲ್ಲೇ ಸಂಬಳ, ಉತ್ಖನನ, ಮ್ಯೂಸಿಯಂ ಎಲ್ಲ ಬರ್ಬೇಕು. ಕಾವಲಿನ ಲೆಕ್ಕ ಇನ್ನೂ ಕಷ್ಟ. 2022ರಲ್ಲಿ ಸಂಸದೀಯ ಸಮಿತಿಯ ಎದುರು ಬಂದ ಲೆಕ್ಕದ ಪ್ರಕಾರ 7,000 ಕಾವಲಿನವ್ರು ಬೇಕಿದ್ದಲ್ಲಿ ಇದ್ದದ್ದು 2,578 ಜನ, ಅದೂ 248 ಜಾಗಗಳಲ್ಲಿ ಮಾತ್ರ. 2013ರಲ್ಲಿ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವ್ರು 1,655 ಸ್ಮಾರಕಗಳನ್ನು ಹೋಗಿ ನೋಡಿದಾಗ 92 ಸಿಕ್ಕಿರ್ಲಿಲ್ಲ. ಆಮೇಲೆ ಹುಡುಕಿದಾಗ 42 ಸಿಕ್ಕಿತು, ಕೆಲವು ಊರು ಬೆಳೆದು ಮುಚ್ಚಿಹೋಗಿತ್ತು, ಕೆಲವು ಅಣೆಕಟ್ಟಿನ ನೀರಲ್ಲಿ ಮುಳುಗಿತ್ತು, 24ರ ಪತ್ತೆಯೇ ಇಲ್ಲ. 2024ರ ಮಾರ್ಚಲ್ಲಿ 18ನ್ನು ಪಟ್ಟಿಯಿಂದ ಕೈಬಿಡುವ ಕ್ರಮ ಶುರುವಾಯ್ತು. ಅಂದ್ರೆ ಪಟ್ಟಿಗೆ ಸೇರಿದ ಕೂಡಲೇ ಉಳೀತು ಅಂತ ಅಲ್ಲ. ಇದನ್ನು ಕೇಳಿ ಆ ದಿನ ಲೈಬ್ರರಿಯಲ್ಲಿ ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ.

ದಾನದ ದಾರಿಗಳನ್ನೂ ನೋಡಿದೆವು. 1996ರಲ್ಲಿ ಕೇಂದ್ರ ರಾಷ್ಟ್ರೀಯ ಸಂಸ್ಕೃತಿ ನಿಧಿ ಅಂತ ಒಂದು ಟ್ರಸ್ಟ್ ಮಾಡಿದೆ, 1890ರ ಧರ್ಮಾರ್ಥ ದತ್ತಿ ಕಾಯ್ದೆಯ ಕೆಳಗೆ, 19.5 ಕೋಟಿ ಮೂಲಧನ ಇಟ್ಟು. ಸಂಸ್ಕೃತಿ ಸಚಿವರೇ ಅದರ ಕೌನ್ಸಿಲ್‌ನ ಅಧ್ಯಕ್ಷರು, ದಿನನಿತ್ಯದ ತೀರ್ಮಾನಕ್ಕೆ ಸಚಿವಾಲಯದ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಕಾರಿ ಸಮಿತಿ, ದಾನ ಕೊಟ್ಟವ್ರಿಗೆ ಪೂರ್ತಿ ತೆರಿಗೆ ವಿನಾಯ್ತಿ. ದಾನಿ ತನಗೆ ಬೇಕಾದ ಸ್ಮಾರಕ ಹೇಳ್ಬಹುದು, ಆದ್ರೆ ಒಪ್ಪಂದ ಆಗುದು ದಾನಿ, ನಿಧಿ ಮತ್ತೆ ಆ ಸ್ಮಾರಕದ ಹೊಣೆ ಇರುವ ಇಲಾಖೆ ಮೂವರೊಳಗೆ. ಕಂಪೆನಿಗಳು ಸಮಾಜದ ಕೆಲಸಕ್ಕೆ ಅಂತ ಇಡುವ ಸಿಎಸ್ಆರ್ ದುಡ್ಡಿಗೂ 2013ರ ಕಂಪೆನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆಯ ಕಟ್ಟಡಗಳಿಗೆ ಜಾಗ ಉಂಟು. ಇಂಟ್ಯಾಕ್ ಅಂತ ಪರಂಪರೆ ಉಳಿಸುವ ಒಂದು ಸರಕಾರೇತರ ಸಂಸ್ಥೆ ಉಂಟು, 1984ರಲ್ಲಿ ದಿಲ್ಲಿಯಲ್ಲಿ ಸೊಸೈಟಿಯಾಗಿ ನೋಂದಣಿ ಆದದ್ದು, ಸದಸ್ಯರು, ಆಡಳಿತ ಮಂಡಳಿ, ಊರೂರಲ್ಲಿ ಚಾಪ್ಟರ್, ಚಾಪ್ಟರ್ ನಡೆಸುವವ್ರು ಸಂಬಳ ಇಲ್ಲದೆ ಮಾಡುದು. ಪಟ್ಟಿ ಮಾಡುದು, ಸಲಹೆ ಕೊಡುದು, ಕೆಲಸ ಮಾಡಿಸುದು ಅವ್ರಿಂದ ಆಗ್ತದೆ, ಒಂದು ಕಟ್ಟಡವನ್ನು ಕಾನೂನಿನ ರಕ್ಷಣೆಯೊಳಗೆ ತರುವ ಅಧಿಕಾರ ಅವ್ರಿಗಿಲ್ಲ. ಹೀಗೆ ಯಾವ ದಾರಿ ಹಿಡಿದ್ರೂ ಕಡೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ತಿತ್ತು, ಇದು ಯಾರದ್ದು, ಇದರ ಪರವಾಗಿ ರುಜು ಹಾಕುವವ ಯಾರು?

ನಾವು ಅದಕ್ಕೆ ಮೊದಲು ವಿಲೇಜ್ ಆಫೀಸಿಗೆ ಹೋಗಿ ಬೇಸಿಕ್ ಟ್ಯಾಕ್ಸ್ ರಿಜಿಸ್ಟರ್, ಅಂದ್ರೆ ಜಾಗ ಯಾರದ್ದು ಅಂತ ಇರುವ ದಾಖಲೆ, ಕೇಳಿದವ್ರೇ ಅಲ್ಲ. ಕೇಳಿದಾಗ ಗೊತ್ತಾಯ್ತು, ಕೊತ್ತಲದ ಅರ್ಧ ಪುರಂಬೋಕು, ಅಂದ್ರೆ ಸರಕಾರಿ ಜಾಗ, ಬಾವಿ ಮತ್ತು ಶಾಸನಕಲ್ಲು ಇರುವ ಅರ್ಧ ಒಂದು ಹಳೇ ಮನೆತನದ ಸ್ವಂತ ಪಟ್ಟಾ ಜಾಗ. ಮನೆತನದಲ್ಲಿ ಈಗ ಉಳಿದವ್ರು ಎಂಬತ್ತು ದಾಟಿದ ದೊಡ್ಡಮ್ಮ, ಮಕ್ಕಳೆಲ್ಲ ಮಂಗಳೂರು, ಬೆಂಗಳೂರು. ಪಾಲುಪಟ್ಟಿ, ದಕ್ಷಿಣ ಕನ್ನಡದ ಕಾಲದ ಸೆಟ್ಲ್‌ಮೆಂಟ್ ಕಾಗದ ಎಲ್ಲ ಅವ್ರ ಮರದ ಪೆಟ್ಟಿಗೆಯಲ್ಲಿ ಇತ್ತು, 1956ರಲ್ಲಿ ನಾವು ಕೇರಳಕ್ಕೆ ಸೇರುವ ಮೊದಲಿನದ್ದು, ಕನ್ನಡದಲ್ಲಿ. ಅದ್ರಲ್ಲಿ "ಕೊತ್ತಲ" ಅಂತಲೇ ಬರ್ದಿತ್ತು. ಇಷ್ಟು ದಿನ ನಮ್ಮ ಬಾಯಿಮಾತು ಮಾತ್ರ ಇದ್ದಲ್ಲಿ ಅದು ಮೊದಲ ದಾಖಲೆ.

ಮಾಷ್ಟ್ರು ದಾನಿಯ ವಿಷಯ, ಇಲಾಖೆಯ ವಿಷಯ ಎಲ್ಲ ವಿವರಿಸಿ ಒಪ್ಪಿಗೆ ಕೇಳಿದ್ರು. ದೊಡ್ಡಮ್ಮ ಎಲ್ಲ ಕೇಳಿ, "ದುಡ್ಡು ಕೊಟ್ಟವ ಒಂದು ಸರ್ತಿ ಕೊಟ್ಟು ಹೋಗ್ತಾನೆ ಮಾಷ್ಟ್ರೇ, ಮತ್ತೆ ವರ್ಷ ವರ್ಷ ಗಿಡ ಕೀಳುವವ ಯಾರು ಅಂತ ಹೇಳಿ" ಅಂದ್ರು. ಉತ್ತರ ನಮ್ಮತ್ರ ಇರ್ಲಿಲ್ಲ. ಮಾಷ್ಟ್ರು "ಹೇಳ್ತೇವೆ ದೊಡ್ಡಮ್ಮ, ಸ್ವಲ್ಪ ಸಮಯ ಕೊಡಿ" ಅಂತ ಎದ್ದು ಬಂದ್ರು.

ಇನ್ನೊಂದು ಕಡೆಯಿಂದ ವಿರೋಧ ಬಂತು, ಅದು ನ್ಯಾಯವಾದ ವಿರೋಧ. ಗುಡ್ಡೆಯ ಬುಡದಲ್ಲಿ ಐದು ಮನೆ ಉಂಟು. ಅದ್ರಲ್ಲಿ ಒಬ್ಬರು ಗಂಡ ತೀರಿಹೋದ ಅಕ್ಕ, ಕೇರಳ ಸರಕಾರದ ಲೈಫ್ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿ ಪಂಚಾಂಗ (ಅಡಿಪಾಯ) ಹಾಕ್ಲಿಕ್ಕೆ ಹೊರಟಿದ್ರು. ಅವ್ರ ಮಗ ಸಭೆಗೆ ಬಂದು, ಕೇಂದ್ರದವ್ರು ಇದನ್ನು ತಗೊಂಡ್ರೆ ನೂರು ಮೀಟರ್ ಒಳಗೆ ಮನೆ ಕಟ್ಲಿಕ್ಕೆ ಬಿಡುದಿಲ್ಲಂತಲ್ಲ, ನಮ್ಮ ಅಮ್ಮ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ. ಅವ ಹೇಳಿದ್ದು ನಿಜ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ, ಅನುಮತಿಯ ವಿಷಯ ನೋಡ್ಲಿಕ್ಕೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅಂತ ಬೇರೆಯೇ ಒಂದು ಸಂಸ್ಥೆ. ಟೇಪ್ ಹಿಡಿದು ಅಳೆದೆವು, ಅಕ್ಕನ ಜಾಗ 64 ಮೀಟರ್‌ನಲ್ಲಿ.

ಒಂದು ಸಾಯಂಕಾಲ ಪೂರ್ತಿ ಇದೇ ಚರ್ಚೆ. ಗುಂಪಲ್ಲಿ ಕೆಲವ್ರಿಗೆ "ರಾಷ್ಟ್ರೀಯ ಮಹತ್ವ" ಅನ್ನುವ ಮಾತಿನ ಆಸೆ ಇನ್ನೂ ಬಿಟ್ಟಿರ್ಲಿಲ್ಲ, ಎರಡನೇ ಸಲ ಕೇಂದ್ರಕ್ಕೆ ಅರ್ಜಿ ಹಾಕುವ ಅಂತ. ಮಾಷ್ಟ್ರು ಕೇಳಿದ್ದು, ಬೇಕಲದ ಮುಂದೆ ನಮ್ಮ ಒಂದು ಕೊತ್ತಲ ರಾಷ್ಟ್ರಕ್ಕೆ ಮುಖ್ಯ ಅಂತ ಯಾರಿಗೆ ಒಪ್ಪಿಸ್ತೀರಿ, ಒಪ್ಪಿಸಿದ್ರೂ ಆ ಅಮ್ಮನ ಮನೆ ನಿಲ್ಲಿಸಿ ಯಾರಿಗೋಸ್ಕರ ಉಳಿಸುದು? ಕೊನೆಗೆ ಕೈ ಎತ್ತಿಸಿ ತೀರ್ಮಾನ ಮಾಡಿದೆವು, ಬರ್ದು ಎಲ್ರೂ ರುಜು ಹಾಕಿದೆವು. ಕೇಂದ್ರಕ್ಕೆ ಇನ್ನು ಅರ್ಜಿ ಇಲ್ಲ, ರಾಜ್ಯದ 1968ರ ಕಾಯ್ದೆಯ ಕೆಳಗೆ ಸಂರಕ್ಷಿತ ಅಂತ ಘೋಷಿಸ್ಲಿಕ್ಕೆ ಕೇಳುದು, ಮನೆಗಳು ಎಲ್ಲಿ ಉಂಟು ಅಂತ ನಕ್ಷೆಯಲ್ಲಿ ತೋರಿಸಿಯೇ ಕೇಳುದು, ದಾನಿಗೆ ಈಗ ಬೇಡ ಅಂತ ಗೌರವದಿಂದ ಕಾಗದ ಬರೀದು. ದಾನಿಗೆ ಬೇಜಾರಾಯ್ತು. ಆರು ಲಕ್ಷ ಹೋಯ್ತು, ಅದರ ಜೊತೆ ಇಬ್ರು ಸದಸ್ಯರೂ ಹೋದ್ರು. ಆ ತೀರ್ಮಾನ ಸರಿ ಅಂತ ನನಗೆ ಇವತ್ತೂ ಅನ್ನಿಸ್ತದೆ.

ಅರ್ಜಿಯನ್ನು ಕನ್ನಡದಲ್ಲೇ ಬರ್ದೆವು. ಕೇರಳದ 1969ರ ರಾಜ್ಯಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸ್ಲಿಕ್ಕೆ ಹಕ್ಕು ಉಂಟು, ಅದನ್ನು ಬಿಡಬಾರ್ದು ಅಂತ ಮಾಷ್ಟ್ರ ಹಠ. ಆದ್ರೆ ಫೈಲ್ ಓದುವವ್ರು ತಿರುವನಂತಪುರದಲ್ಲಿ, ಅಲ್ಲಿ ಒಂದು ಪುಟ ಭಾಷಾಂತರಕ್ಕೆ ಹೋದ್ರೂ ತಿಂಗಳು ಕಳೀತದೆ ಅಂತ ಕಾಲೇಜು ಹುಡುಗ ಹೇಳಿದ, ಹಾಗಾಗಿ ಕನ್ನಡ ಅರ್ಜಿಯ ಹಿಂದೆ ನಾವೇ ಮಾಡಿದ ಮಲಯಾಳ ಅನುವಾದ ಪಿನ್ ಮಾಡಿದೆವು. ಜೊತೆಗೆ ರಿಜಿಸ್ಟರಿನ ಪ್ರತಿ, ಪಾಲುಪಟ್ಟಿಯ ಪ್ರತಿ, ಅಳತೆ ಹಾಕಿದ ನಕ್ಷೆ, ನಾಲ್ಕು ದಿಕ್ಕಿನ ಫೋಟೋ, ಶಾಸನದ ಪಡಿಯಚ್ಚು.

ಶಾಸನದ ಬಗ್ಗೆ ಎರಡು ಮಾತು ಹೇಳದಿದ್ರೆ ನನಗೆ ಸಮಾಧಾನ ಇಲ್ಲ. ಮೈಸೂರಲ್ಲಿ ಎ.ಎಸ್.ಐ.ಯ ಶಾಸನ ಶಾಖೆ ಇರುದು ಹಲವ್ರಿಗೆ ಗೊತ್ತಿಲ್ಲ, ದೇಶದ ಶಾಸನಗಳ ಪಡಿಯಚ್ಚುಗಳ ದೊಡ್ಡ ಸಂಗ್ರಹ ಅಲ್ಲಿ ಉಂಟು. ನಮ್ಮ ಕಲ್ಲು ಓದಿಕೊಟ್ಟದ್ದು ಶಾಸನ ಓದಿ ಪಳಗಿದ ಒಬ್ರು ನಿವೃತ್ತರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಲ್ಲಿ ಬಡಿದು, ಮೇಲೆ ಶಾಯಿ ಹಚ್ಚಿದಾಗ ಕಪ್ಪಿನ ನಡುವೆ ಬಿಳಿಯ ಕನ್ನಡ ಅಕ್ಷರ ಎದ್ದು ಬಂತು, ನೋಡಿ ಮೈ ಜುಂ ಅಂತು. ಹನ್ನೊಂದು ಸಾಲಲ್ಲಿ ನಾಲ್ಕು ಸರಿಯಾಗಿ ಓದ್ಲಿಕ್ಕೆ ಸಿಕ್ಕಿತು. ರಾಜನ ಹೆಸರಿದ್ದ ಸಾಲು ಸವೆದುಹೋಗಿದೆ, ಇಕ್ಕೇರಿಯವ್ರದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅರ್ಜಿಯಲ್ಲಿ ಹಾಗೆ ಬರೀಲೂ ಇಲ್ಲ. ಓದ್ಲಿಕ್ಕೆ ಆದದ್ದು ಒಂದು ನಂದಾದೀಪದ ವಿಷಯ. ದೀಪಕ್ಕೆ ಇಂಥ ಗದ್ದೆ, ಆ ಗದ್ದೆಯಿಂದ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ, ಅದನ್ನು ನಡೆಸ್ಬೇಕಾದವ್ರು ಇಂಥವ್ರು, ತಪ್ಪಿದವ್ರಿಗೆ ಶಾಪ. ಮಾಷ್ಟ್ರು ಅದನ್ನು ದೊಡ್ಡಮ್ಮನ ಎದುರು ಓದಿ ಹೇಳಿದ್ರು. ದೊಡ್ಡಮ್ಮ ಎರಡನೇ ಸಲ ಓದಿಸಿದ್ರು, ಮತ್ತೆ ಪೆನ್ನು ಕೇಳಿದ್ರು. ಒಪ್ಪಿಗೆ ಪತ್ರದಲ್ಲಿ ಅವ್ರೇ ಒಂದು ಸಾಲು ಸೇರಿಸಿದ್ದು, ಗುಡ್ಡೆಯ ಕೆಳಗಿನ ಹತ್ತು ತೆಂಗಿನಮರದ ಕಾಯಿ ಮಾರಿ ಬಂದದ್ದು ಕೊತ್ತಲದ ಗಿಡ ಕೀಳುವ ಕೂಲಿಗೆ ಅಂತ.

ಫಲ ಏನಾಯ್ತು ಅಂತ ಕೇಳಿದ್ರೆ, ಅರ್ಧ ಆಯ್ತು. ಅರ್ಜಿ ಒಂದು ಕಚೇರಿಯ ಮೇಜಲ್ಲಿ ಏಳು ತಿಂಗಳು ಕೂತಿತು, ಆರ್‌ಟಿಐ ಹಾಕಿದ ಮೇಲೆ ಅಲ್ಲಿಂದ ಎದ್ದಿತು. ಪರಿಶೀಲನೆಗೆ ಇಬ್ರು ಬಂದು ಒಂದು ದಿನ ಪೂರ್ತಿ ಅಳತೆ ತೆಗ್ದು ಹೋದ್ರು, ನಮ್ಮ ಕಾಗದಗಳು ಸರಿ ಇದ್ದದ್ದಕ್ಕೆ ಕೆಲಸ ಹಗುರ ಆಯ್ತು ಅಂದ್ರು. ವರದಿ ಮೇಲೆ ಹೋಗಿದೆ. ಗೆಜೆಟ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಬಂದು, ಆಕ್ಷೇಪಣೆಗೆ ಸಮಯ ಕೊಟ್ಟು, ಅಂತಿಮ ಅಧಿಸೂಚನೆ ಆದ ಮೇಲೆಯೇ ಇಲಾಖೆಯ ದುಡ್ಡು ಇಲ್ಲಿಗೆ ಬರುದು. ಅದು ಇನ್ನೂ ಆಗಿಲ್ಲ. ಈ ನಡುವೆ ಬಡಗು ಮೂಲೆ ಮತ್ತೊಂದು ಮಳೆಗೆ ಎರಡಡಿ ಕುಸಿದಿದೆ.

ಕಾಯುವ ಕಾಲದಲ್ಲಿ ನಾವು ಮಾಡಿದ್ದು ಸಣ್ಣ ಕೆಲಸ, ವಾಪಸ್ ತೆಗೀಲಿಕ್ಕೆ ಆಗುವಂಥದ್ದು ಮಾತ್ರ. ಗೋಡೆಯ ತಲೆಯಲ್ಲಿ ನಿಂತ ನೀರು ಹರಿದುಹೋಗ್ಲಿಕ್ಕೆ ಕಣಿ ತೋಡಿದೆವು, ಬಿದ್ದ ಕಲ್ಲುಗಳಿಗೆ ನಂಬರ್ ಹಾಕಿ ಒಂದು ಬದಿಗೆ ಅಟ್ಟಿ ಇಟ್ಟೆವು, ಕದಲುವ ಮೂಲೆಗೆ ಮರದ ಊರೆಗೋಲು ಕೊಟ್ಟೆವು, ಎರಡು ಕಡೆ ಮಾತ್ರ ಸುಣ್ಣದ ಗಾರೆ. ಚಿಪ್ಪಿನ ಸುಣ್ಣ ಸುಡುವವ್ರು ಹೊಳೆ ಬದಿಯಲ್ಲಿ ಒಬ್ರೇ ಉಳಿದಿದ್ದಾರೆ, ಅವ್ರಿಂದ ತಂದು ಮೂರು ವಾರ ನೆನೆ ಹಾಕಿ ಬೆಲ್ಲದ ನೀರು ಸೇರಿಸಿ ಹಚ್ಚಿದ್ದು. ಒಟ್ಟು ಖರ್ಚು 38 ಸಾವಿರ, ಅದ್ರಲ್ಲಿ ದೊಡ್ಡ ಭಾಗ ಕೂಲಿ.

ಬೇರೆ ಊರಿನವ್ರು ಕೇಳಿದ್ರೆ ನಾನು ಈಗ ಹೇಳುದು ಇಷ್ಟು. ಮೊದಲ ವಾರವೇ ಸರ್ವೆ ನಂಬರ್ ಹಿಡಿದು ವಿಲೇಜ್ ಆಫೀಸಿಗೆ ಹೋಗಿ, ಜಾಗದ ಹಕ್ಕುದಾರರ ಜೊತೆ ಕೂತು ಮಾತಾಡಿ, ದಾನಿಯನ್ನು ಆಮೇಲೆ ನೋಡಿ. ಅಕ್ಕಪಕ್ಕದ ಮನೆಯವ್ರನ್ನು ಆಕ್ಷೇಪಣೆ ಹಾಕುವ ದಿನ ಭೇಟಿಯಾಗ್ಬೇಡಿ, ಅರ್ಜಿ ಬರೆಯುವ ಮೊದಲೇ ಕರೀರಿ. ಸಭೆಯಲ್ಲಿ ತೀರ್ಮಾನ ಆಗದಿದ್ರೆ "ತೀರ್ಮಾನ ಆಗಿಲ್ಲ, ಯಾರೂ ಏನೂ ಮುಟ್ಟಬಾರ್ದು" ಅಂತ ಬರ್ದು ರುಜು ಹಾಕಿ, ನಮ್ಮ ಹನ್ನೆರಡು ಅಡಿ ಗೋಡೆ ಹಾಳಾದದ್ದು ಆ ಒಂದು ಸಾಲು ಬರೆಯದ ಕಾರಣಕ್ಕೆ.

ಅಕ್ಕನ ಮನೆ ಕಳೆದ ವರ್ಷ ಒಕ್ಕಲಾಯ್ತು. ಗೋಡೆ ಸಂದಿಯಲ್ಲಿ ಅಶ್ವತ್ಥದ ಗಿಡ ಮಳೆ ಬಿದ್ದ ಹದಿನೈದು ದಿನಕ್ಕೆ ಬೇರು ಬಿಡ್ತದೆ, ಅದನ್ನು ಕೀಳ್ಲಿಕ್ಕೆ ಐದು ಮನೆಯವ್ರೂ ಸರದಿ ಹಾಕ್ಕೊಂಡಿದ್ದಾರೆ, ಲೈಬ್ರರಿಯಲ್ಲಿ ಒಂದು ಪುಸ್ತಕ ಇಟ್ಟು ತಾರೀಕು ಬರೀತೇವೆ. ಈ ಆಟಿಯ ಸರದಿ ಅಕ್ಕನ ಮಗನದ್ದು. ಮೊನ್ನೆ ಬಂದು ಪುಸ್ತಕದಲ್ಲಿ ಬರ್ದು ಹೋಗಿದ್ದಾನೆ, ಬಡಗು ಮೂಲೆಯಲ್ಲಿ ಏಳು ಗಿಡ, ಶಾಸನಕಲ್ಲಿನ ಹಿಂದೆ ಎರಡು, ಊರೆಗೋಲು ಒಂದು ಸಡಿಲ ಉಂಟು, ಬದಲಿಸ್ಬೇಕು.